ಗಿರಣಿಯ ಹೂಂ

ನಮ್ಮೂರಿನಲ್ಲಿ ಕಥೆ ಹೇಳುವವರಿಗಿಂತ ಹೂಂ ಅನ್ನುವವರಿಗೇ ಬೆಲೆ ಜಾಸ್ತಿ. ಬೇರೆ ಊರುಗಳಲ್ಲಿ ಕೇಳುವವರು ಹೂಂಗುಟ್ಟದಿದ್ದರೆ ಹೇಳುವವರಿಗೆ ಬೇಸರವಾಗುತ್ತದಂತೆ, ಅಷ್ಟೇ. ನಮ್ಮಲ್ಲಿ ಕಥೆಯೇ ನಿಂತುಬಿಡುತ್ತದೆ. ನಾಲಿಗೆ ಈರುಳ್ಳಿ ಚೌಕಾಸಿಗೆ ಹೊರಳುತ್ತದೆ, ಬೈಗುಳಕ್ಕಂತೂ ಸೊಗಸಾಗಿ ಹೊರಳುತ್ತದೆ. ಕಥೆಯ ಮುಂದಿನ ಮಾತಿಗೆ ಮಾತ್ರ ಒಂದು ಹೂಂ ಬೀಳುವ ತನಕ ಜಪ್ಪಯ್ಯ ಅಂದರೂ ಹೊರಳುವುದಿಲ್ಲ. ರಾಜಕುಮಾರನನ್ನು ಬಾವಿಯಲ್ಲಿ ನೇತಾಡಿಸಿದ ಹೊತ್ತಿಗೆ ಮೊಮ್ಮಗು ನಿದ್ದೆ ಹೋಯಿತೋ, ಆ ಅಜ್ಜಿ ಬೆಳಗಿನ ಕಾಫಿಯ ತನಕ ಬಾಯಲ್ಲಿ ಅರ್ಧ ವಾಕ್ಯ ಇಟ್ಟುಕೊಂಡೇ ಓಡಾಡಬೇಕು. ಪುಸ್ತಕವನ್ನು ಮನಸ್ಸಿನಲ್ಲೇ ಓದಿಕೊಂಡರೆ ತೊಂದರೆಯಿಲ್ಲ. ಬಾಯಿಬಿಟ್ಟು ಓದಿದರೆ ಅದಕ್ಕೂ ಹೂಂ ಬೇಕು.

ನಡೆದದ್ದನ್ನು ನಡೆದ ಹಾಗೇ ಹೇಳುವುದಕ್ಕೆ ಹೂಂ ಬೇಡ. ಅದರಲ್ಲಿ ನಡೆಯದ ಒಂದು ಎಳೆ ಸೇರಿತೋ, ಅದು ಕಥೆ. ಅಲ್ಲಿಗೆ ನಾಲಿಗೆ ನಿಂತಿತು. ಹಾಗಾಗಿ ತಡವಾಗಿ ಮನೆಗೆ ಬಂದ ಗಂಡ ಕಾರಣ ಹೇಳುವಾಗ ನಮ್ಮೂರ ಹೆಂಗಸರು ತುಟಿ ಬಿಗಿದುಕೊಂಡು ಕೂರುತ್ತಾರೆ. ಮಾತು ಸಲೀಸಾಗಿ ಹರಿದರೆ ಊಟ ಬಡಿಸುತ್ತಾರೆ. ನಡುವೆ ತಡೆದು ಕಣ್ಣು ಕಣ್ಣು ಬಿಟ್ಟರೆ ಮುಂದಿನದು ನಾನು ಹೇಳಬೇಕಾಗಿಲ್ಲ.

ಹೂಂ ಅನ್ನಲು ಯಾರೂ ಸಿಗದವರು ಹೊಳೆಬೀದಿಯ ಹಿಟ್ಟಿನ ಗಿರಣಿಯ ಮುಂದೆ ಹೋಗಿ ನಿಲ್ಲುತ್ತಾರೆ. ಆ ಗಿರಣಿ ತಿರುಗುವಾಗ ಒಂದೇ ಸಮನೆ ಹೂಂ ಎಂದು ಗುಂಯ್‌ಗುಡುತ್ತದೆ, ನಾಲಿಗೆಗೆ ಅಷ್ಟೇ ಸಾಕು. ರಾಗಿ ಬೀಸಿಸಲು ಹೋದಾಗ ಯಾರಾದರೂ ಗೋಡೆಗೆ ಮುಖ ಮಾಡಿಕೊಂಡು ತಮ್ಮಷ್ಟಕ್ಕೆ ಏನೋ ಹೇಳಿಕೊಳ್ಳುತ್ತಿದ್ದರೆ ನಾವು ನೋಡದವರಂತೆ ಪಕ್ಕಕ್ಕೆ ಸರಿದು ನಿಲ್ಲುತ್ತೇವೆ. ಅದು ನಮ್ಮೂರ ಮರ್ಯಾದೆ.

ಹೂಂ ಇಷ್ಟು ಅಗ್ಗವಾಗಿ ಎಲ್ಲೆಲ್ಲೂ ಉದುರುವ ಊರಿನಲ್ಲಿ ಅದನ್ನು ಒಪ್ಪಿಗೆ ಅಂತ ನಂಬುವುದು ಹೇಗೆ? ಹಿಂದೊಮ್ಮೆ ಮದುವೆ ದಲ್ಲಾಳಿಯೊಬ್ಬ ಹುಡುಗನ ಗುಣಗಾನ ಮಾಡುತ್ತಿದ್ದಾಗ ಹುಡುಗಿಯ ಅಪ್ಪ ಕೇಳುವವರ ಧರ್ಮ ಎಂದು ಹೂಂಗುಟ್ಟಿದರು. ಮರುದಿನ ಗಂಡಿನ ಕಡೆಯವರು ತಾಂಬೂಲದ ತಟ್ಟೆ ಹಿಡಿದು ಬಾಗಿಲಲ್ಲಿದ್ದರು. ಆ ದಂಪತಿ ಈಗಲೂ ಚೆನ್ನಾಗಿಯೇ ಇದ್ದಾರೆ, ಅದು ಬೇರೆ ಮಾತು. ಅಂದಿನಿಂದ ನಮ್ಮೂರಲ್ಲಿ ಒಪ್ಪಿಗೆ ಅಂದರೆ ಬಾಯಿಬಿಟ್ಟು 'ಒಪ್ಪಿದೆ' ಅನ್ನಬೇಕು. ಕಾಗದದ ಮೇಲೆ ಯಾರು ಬೇಕಾದರೂ ಗೀಚಬಹುದು, ಹೂಂ ಯಾರು ಬೇಕಾದರೂ ಅನ್ನಬಹುದು, 'ಒಪ್ಪಿದೆ' ಮಾತ್ರ ಒಪ್ಪಿದವರ ಬಾಯಿಂದಲೇ ಬರಬೇಕು. ಇದೆಲ್ಲ ನನಗೆ ಗೊತ್ತಿರಲಿಲ್ಲವೇ? ಹುಟ್ಟಿದ್ದೇ ಇಲ್ಲಿ, ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಪೇಚಿಗೆ ಸಿಕ್ಕಿಕೊಂಡೆ.

ನಾನು ವಾರಿಜ. ಊರಿನ ಪ್ರಾಥಮಿಕ ಶಾಲೆಯ ಗ್ರಂಥಾಲಯ ನೋಡಿಕೊಳ್ಳುವವಳು. ಗ್ರಂಥಾಲಯ ಅಂದರೆ ಎರಡು ಬೀರು, ಒಂದು ಹರಿದ ಜಮಖಾನ, ಬಿಸಿಯೂಟದ ಅಡುಗೆಮನೆಗೆ ಅಂಟಿಕೊಂಡ ಒಂದು ಕೋಣೆ. ನಮ್ಮ ಪುಸ್ತಕಗಳಿಗೆಲ್ಲ ಸಾಂಬಾರಿನ ವಾಸನೆ. ಇನ್ನೂ ಓದಲು ಬಾರದ ಒಂದನೇ ಕ್ಲಾಸಿನ ಮಕ್ಕಳಿಗೆ ಶುಕ್ರವಾರ ಮಧ್ಯಾಹ್ನ ನಾನೇ ಓದಿ ಹೇಳುತ್ತಿದ್ದೆ. ಅವರ ಹೂಂ ಕೇಳಬೇಕು ನೀವು! ಎಲ್ಲರೂ ಒಟ್ಟಿಗೆ ಅಂದರೆ ಕಥೆ ಕೈಬಿಟ್ಟ ಬಂಡಿಯ ಹಾಗೆ ಓಡುತ್ತದೆ, ನಾನು ಹಿಂದೆ ಹಿಂದೆ ಓಡಬೇಕು.

ಹೋದ ವರ್ಷ ನನ್ನ ಗಂಟಲು ಕೈಕೊಡಲು ಶುರುವಾಯಿತು. ಕಷಾಯ, ಜ್ಯೇಷ್ಠಮಧು, ಬಿಸಿನೀರು ಎಲ್ಲ ಆಯಿತು. ಕೊನೆಗೆ ಡಾಕ್ಟರು ಕನ್ನಡಿ ಇಟ್ಟು ನೋಡಿ, ಧ್ವನಿಪೆಟ್ಟಿಗೆಯಲ್ಲಿ ಗಂಟಾಗಿದೆ, ತೆಗೆಯಬೇಕು ಅಂದರು. ತೆಗೆದ ಮೇಲೆ ಧ್ವನಿ ಬಂದರೂ ಬರಬಹುದು, ಬರದೆಯೂ ಇರಬಹುದು. ಅವತ್ತು ನಾನು ದಾರಿಯುದ್ದಕ್ಕೂ ಅತ್ತೆ. ಮಾತಿಲ್ಲದೆ ಬದುಕಬಹುದು, ನನ್ನ ಮನೆಯವರಿಗೆ ಅದರಿಂದ ಒಂದಿಷ್ಟು ನೆಮ್ಮದಿಯೂ ಆದೀತು. ಆದರೆ ಆ ಮಕ್ಕಳಿಗೆ ಓದಿ ಹೇಳುವವರು ಯಾರು? ನಮ್ಮ ಹೆಡ್‌ಮಾಸ್ಟರು ಇಂದುಧರ ಮೇಷ್ಟ್ರು ಒಂದು ಸಲ ಪ್ರಯತ್ನಪಟ್ಟರು. ಅವರು ಓದುವುದು ಹಾಜರಿ ಕರೆದ ಹಾಗೆ. ರಾಕ್ಷಸ ಬಂದರೂ ಅದೇ ದನಿ, ರಾಜಕುಮಾರಿ ಬಂದರೂ ಅದೇ ದನಿ. ಮಕ್ಕಳು ಹೂಂ ಅನ್ನುವ ಬದಲು 'ಹಾಜರ್ ಸಾರ್' ಅಂದುಬಿಟ್ಟರು. ಕಥೆ ಎರಡನೇ ವಾಕ್ಯಕ್ಕೇ ನಿಂತಿತು.

ಹೀಗಾಗಿ ನನಗೆ ಆ ಯೋಚನೆ ಬಂತು. ಶಾಲೆಗೆ ಯಾರೋ ಪುಣ್ಯಾತ್ಮರು ಕೊಟ್ಟಿದ್ದ ಒಂದು ರೆಕಾರ್ಡರ್ ಬೀರುವಿನಲ್ಲಿ ದೂಳು ತಿನ್ನುತ್ತ ಬಿದ್ದಿತ್ತು. ಧ್ವನಿ ಇರುವಾಗಲೇ ಮಕ್ಕಳಿಗೆ ತುಂಬ ಇಷ್ಟವಾದ ಪುಸ್ತಕವನ್ನು ಓದಿ ಅದರಲ್ಲಿ ತುಂಬಿಟ್ಟರೆ? ಆ ಪುಸ್ತಕದ ಹೆಸರು 'ಹೆಗ್ಗಣರಾಯನ ಇಸ್ತ್ರಿ ಅಂಗಡಿ'. ಎಲ್ಲರ ಬಟ್ಟೆಯ ಸುಕ್ಕು ತೆಗೆಯುವ ಹೆಗ್ಗಣದ ಹತ್ತಿರ ಒಂದು ಸಂಜೆ ಮೋಡವೇ ಬಂದು, ನನ್ನ ಸುಕ್ಕೂ ತೆಗೆದುಕೊಡು ಅನ್ನುತ್ತದೆ. ತೆಗೆದ ಸುಕ್ಕುಗಳನ್ನೆಲ್ಲ ಎಲ್ಲಿಡುವುದು ಎಂದು ಹೆಗ್ಗಣರಾಯ ಪಡುವ ಪಾಡೇ ಕಥೆ. ಊರಿಗೆಲ್ಲ ಉಳಿದಿದ್ದದ್ದು ಒಂದೇ ಪ್ರತಿ, ಅದರ ಬೆನ್ನು ಕಿತ್ತು ನಾನೇ ಅಂಟು ಹಚ್ಚಿದ್ದೆ. ಮೊದಲ ಪುಟದಲ್ಲಿ 'ಎಲ್ಲ ಹಕ್ಕುಗಳನ್ನು ಕಾಯ್ದಿರಿಸಲಾಗಿದೆ' ಎಂದಿತ್ತು. ಯಾರು ಕಾಯ್ದಿರಿಸಿದ್ದಾರೆ, ಎಲ್ಲಿ ಇರಿಸಿದ್ದಾರೆ ಎಂದು ಬರೆದಿರಲಿಲ್ಲ.

ಬರೆದವರು ಮಾತ್ರ ನಮ್ಮೂರಲ್ಲೇ ಇದ್ದರು. ಕನಕವಲ್ಲಿಯಮ್ಮ, ಎಂಬತ್ತು ದಾಟಿದವರು. ಅಣ್ಣನ ಮಗಳು ಚಂದ್ರಮತಿಯ ಜೊತೆ ಅದೇ ಹಿಟ್ಟಿನ ಗಿರಣಿಯ ಮಹಡಿಯ ಮೇಲೆ ಅವರ ವಾಸ; ಗಿರಣಿ ನಡೆಸುವವಳು ಚಂದ್ರಮತಿಯೇ. ಕೇಳದೆ ಮಾಡುವುದು ಸರಿಯಲ್ಲ ಎಂದು ನಾನು ಫೋನು ಮಾಡಿದೆ. ಹಲೋ ಎಂದವರು ಕನಕವಲ್ಲಿಯಮ್ಮನೇ. ಹಿಂದೆ ಗಿರಣಿಯ ಸದ್ದು. ನನಗೆ ಉತ್ಸಾಹ ಹೆಚ್ಚು, ನೇರವಾಗಿ ಒಂದು ಮಾತು ಕೇಳಿ ಮುಗಿಸುವವಳಲ್ಲ. ಗಂಟಲಿನಿಂದ ಶುರುಮಾಡಿ, ಮಕ್ಕಳು ಜಮಖಾನದ ಮೇಲೆ ಕಿವಿಗೊಟ್ಟು ಹೇಗೆ ಕೂತಿರುತ್ತಾರೆ, ಪೆಟ್ಟಿಗೆಯಿಂದ ಹೆಗ್ಗಣರಾಯ ಮಾತಾಡಿದಾಗ ಹೇಗೆ ಬಾಯಿಬಿಡುತ್ತಾರೆ, ಎಲ್ಲವನ್ನೂ ಬಣ್ಣಿಸಿದೆ. ನಡುವೆ ಕರೆಂಟು ಹೋಯಿತೋ ಏನೋ, ಗಿರಣಿ ನಿಂತಿತು. ನನ್ನ ನಾಲಿಗೆಯೂ ನಿಂತಿತು. ಆಮೇಲೆ ಹೂಂ ಎಂದು ಕೇಳಿಸಿತು, ನಾನು ಮುಂದುವರಿಸಿದೆ. ಕೊನೆಗೆ, "ಹೀಗೆ ಓದಿ ರೆಕಾರ್ಡ್ ಮಾಡಿ ಶಾಲೇಲಿ ಇಟ್ಕೋಬಹುದಾ ಅಮ್ಮ?" ಎಂದು ಕೇಳಿದೆ. ಹೂಂ ಎಂದು ಬಂತು. ಎಂಬತ್ತು ದಾಟಿದ ಹಿರಿಯರನ್ನು 'ಒಪ್ಪಿದೆ ಅನ್ನಿ' ಎಂದು ಸಾಕ್ಷಿಕಟ್ಟೆಯಲ್ಲಿ ನಿಲ್ಲಿಸಿದ ಹಾಗೆ ಕೇಳಲು ನನಗೆ ಬಾಯಿ ಬರಲಿಲ್ಲ. ಕುಣಿಯುತ್ತಲೇ ಫೋನಿಟ್ಟೆ.

ಓದಿ ತುಂಬುವಾಗಲೂ ಹೂಂ ಬೇಕಲ್ಲ, ಅದಕ್ಕೆ ಅಡುಗೆಯ ಚಿಕ್ಕತಾಯಮ್ಮನನ್ನು ಕೂರಿಸಿಕೊಂಡೆ. ಮಕ್ಕಳನ್ನು ಕೂರಿಸಿದರೆ ನಗುತ್ತಾರೆ, ಕಿತ್ತಾಡುತ್ತಾರೆ. ಚಿಕ್ಕತಾಯಮ್ಮ ಬೇಳೆ ಒಲೆಯ ಮೇಲಿಟ್ಟು ಬಂದು ಜಮಖಾನದ ಮೇಲೆ ಕೂತಳು. ಮೊದಲ ನಾಲ್ಕು ಪುಟ ಗಂಭೀರವಾಗಿ ಹೂಂಗುಟ್ಟಿದಳು. ಆಮೇಲೆ ಗೋಡೆಗೊರಗಿ ನಿದ್ದೆ ಹೋದಳು, ನಿದ್ದೆಯಲ್ಲೂ ಹೂಂ ಅನ್ನುವುದನ್ನು ಬಿಡಲಿಲ್ಲ. ಹೀಗೆ ನನ್ನ ಓದು, ಅವಳ ಹೂಂ, ಅವಳ ಕೆಮ್ಮು, ಕುಕ್ಕರಿನ ಕೂಗು ಎಲ್ಲವೂ ಆ ಪೆಟ್ಟಿಗೆ ಸೇರಿದವು. ಕೊನೆಯ ಪುಟ ಓದುವಾಗ ನನ್ನ ಧ್ವನಿ ಬಿರುಕು ಬಿಟ್ಟಿತ್ತು. ಮುಗಿಸಿದ ಮೇಲೆ ಎರಡು ದಿನ ಮಾತೇ ಹೊರಡಲಿಲ್ಲ. ಇನ್ನೊಂದು ಸಲ ಓದಲು ನನ್ನಿಂದ ಆಗದು ಎಂದು ಆಗಲೇ ಗೊತ್ತಾಯಿತು. ಅದರಲ್ಲಿ ಇರುವುದೇ ಕೊನೆಯದು.

ಒಂದು ವಿಚಿತ್ರ ಗೊತ್ತಾದದ್ದು ಹಾಕಿ ನೋಡಿದಾಗ. ಪೆಟ್ಟಿಗೆಯೊಳಗೆ ಚಿಕ್ಕತಾಯಮ್ಮ ಎಷ್ಟೇ ಹೂಂ ಅಂದಿರಲಿ, ಕೇಳುವಾಗ ಮತ್ತೆ ಹೊಸದಾಗಿ ಹೂಂ ಅನ್ನಬೇಕು. ಹಳೆಯ ಹೂಂ ನಡೆಯದು. ನನ್ನ ಧ್ವನಿ "ಒಂದೂರಲ್ಲಿ ಒಬ್ಬ ಹೆಗ್ಗಣರಾಯ ಇದ್ದ" ಎಂದು ಹೇಳಿ ನಿಂತುಕೊಳ್ಳುತ್ತದೆ, ಎದುರಿಗಿದ್ದವರು ಹೂಂ ಅನ್ನುವ ತನಕ ಪೆಟ್ಟಿಗೆ ಉಸಿರು ಬಿಡುವುದಿಲ್ಲ. ಇದು ಒಳ್ಳೆಯದೇ ಆಯಿತು ಅಂದುಕೊಂಡೆ. ಮಕ್ಕಳಿಗೆ ಕೆಲಸ ಇರುತ್ತದೆ.

ಆ ಸಂತೋಷಕ್ಕೆ ಇಂದುಧರ ಮೇಷ್ಟ್ರು ಕಲ್ಲು ಹಾಕಿದರು. ಒಳ್ಳೆಯ ಮನುಷ್ಯ, ಆದರೆ ಮೇಲಿನವರು ಅಂದರೆ ನಡುಗುವವರು. ಅವರು ನನ್ನನ್ನು ಕೂಗಿ, ಬಾಗಿಲು ಮುಂದೆಮಾಡಿ, ಪಿಸುಗುಟ್ಟಿದರು.

"ವಾರಿಜಮ್ಮ, ಆದೇಶ ಬಂದಿದೆ. ಬರೆದವರ ಒಪ್ಪಿಗೆ ಇಲ್ಲದ ಯಾವ ರೆಕಾರ್ಡಿಂಗೂ ಶಾಲೇಲಿ ಇರಕೂಡದಂತೆ. ಇದ್ರೆ ಅಳಿಸಬೇಕಂತೆ. ನಿಮ್ಮದಕ್ಕೆ ಒಪ್ಪಿಗೆ ಇದೆ ತಾನೆ?"

"ಇದೆ ಸಾರ್. ಫೋನಲ್ಲಿ ಕೇಳ್ದೆ."

"ಒಪ್ಪಿದೆ ಅಂದ್ರಾ?"

"ಹೂಂ ಅಂದ್ರು."

ಮೇಷ್ಟ್ರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಯಾವ ಹೂಂ?"

"ಯಾವ ಹೂಂ ಅಂದ್ರೆ? ಹೂಂ ಅಂದ್ರೆ ಹೂಂ."

"ಕೇಳಿಸ್ಕೊಳ್ಳೋ ಹೂಂನೋ, ಒಪ್ಪೋ ಹೂಂನೋ? ನೀವು ಮಾತಾಡುವಾಗ ಎಲ್ಲಾದ್ರೂ ನಾಲಿಗೆ ನಿಂತಿತ್ತಾ?"

ನಿಂತಿತ್ತಲ್ಲ! ಗಿರಣಿ ನಿಂತಾಗ ನನ್ನ ನಾಲಿಗೆಯೂ ನಿಂತಿತ್ತು. ಅಂದರೆ ನಾನು ಅವರಿಗೆ ಹೇಳುತ್ತಿದ್ದದ್ದು ಕಥೆ. ಸುಳ್ಳೇನೂ ಹೇಳಿರಲಿಲ್ಲ ನಾನು. ಆದರೆ ಮಕ್ಕಳು ಹೀಗೆ ಕೂರುತ್ತಾರೆ, ಹಾಗೆ ಬಾಯಿಬಿಡುತ್ತಾರೆ ಎಂದು ಬಣ್ಣಿಸಿದ್ದೆನಲ್ಲ, ಅದಿನ್ನೂ ನಡೆದೇ ಇರಲಿಲ್ಲ. ಮುಂದೆ ಆಗಬೇಕಾದದ್ದನ್ನು ಆದ ಹಾಗೆ ಹೇಳಿದರೆ ಅದೂ ಕಥೆಯೇ ಇರಬೇಕು. ಹಾಗಿದ್ದರೆ ಕೊನೆಯಲ್ಲಿ ಬಂದ ಹೂಂ ಯಾವುದು? ಕಥೆ ಮುಗಿಯಿತು ಎಂದು ಅವರು ಕೇಳುವವರ ಹೂಂ ಅಂದರೋ, ನಾನು ಕೇಳಿದ ಪ್ರಶ್ನೆಗೆ ಹೂಂ ಅಂದರೋ? ಅದಕ್ಕಿಂತ ಕೆಟ್ಟ ಅನುಮಾನ ಆಗಲೇ ತಲೆಗೆ ಹೊಕ್ಕಿತು. ನಿಂತ ಗಿರಣಿ ಮತ್ತೆ ಶುರುವಾದದ್ದು ಯಾವಾಗ? ನಾನು ಕೇಳಿದ್ದು ಕನಕವಲ್ಲಿಯಮ್ಮನ ಹೂಂ ತಾನೇ? ಗಿರಣಿಯದಲ್ಲ ತಾನೇ?

ಇದನ್ನು ಬಾಯಿಬಿಟ್ಟು ಹೇಳಿದೆ. ಹೇಳಬಾರದಿತ್ತು. ಮೇಷ್ಟ್ರ ಮುಖ ಇನ್ನೂ ಬಿಳಿಚಿಕೊಂಡಿತು. "ಗಿರಣಿಯ ಒಪ್ಪಿಗೆ ತಗೊಂಡು ರೆಕಾರ್ಡ್ ಮಾಡಿದೀವಿ ಅಂತ ಮೇಲಕ್ಕೆ ಬರೀಲಾ?" ಅಂದರು.

ಪುಸ್ತಕ ಅಚ್ಚುಹಾಕಿಸಿದ್ದ ಮೊಹಿದೀನ್ ಸಾಹೇಬರನ್ನಾದರೂ ಕೇಳೋಣ, ಹಕ್ಕು ಅವರ ಹತ್ತಿರವೇ ಇದ್ದೀತು ಎಂದು ಇಬ್ಬರೂ ಹೊರಟೆವು. ಅವರು ಪುಸ್ತಕ ಬಿಟ್ಟು ಹಾಸಿಗೆ ಅಂಗಡಿ ಇಟ್ಟು ವರ್ಷಗಳಾಗಿದ್ದವು. ಹತ್ತಿಯ ರಾಶಿಯ ನಡುವೆ ಕೂತು ಅವರು ನಕ್ಕರು.

"ಹಕ್ಕು ನನ್ಹತ್ರ ಎಲ್ಲಿದೆ ಮೇಷ್ಟ್ರೇ? ಪ್ರೆಸ್ ಮುಚ್ಚಿದ ದಿನಾನೇ ಹೋಗಿ, ಅಮ್ಮಾ, ನಿಮ್ದು ನಿಮಗೇ ವಾಪಸ್, ಅಂತ ಹೇಳ್ಬಿಟ್ಟು ಬಂದೆ."

"ಅವರು ಒಪ್ಪಿದ್ರಾ?" ಎಂದು ಮೇಷ್ಟ್ರು ಕೇಳಿದರು.

"ಹೂಂ ಅಂದ್ರು."

ಮೇಷ್ಟ್ರು ಹಾಸಿಗೆಯೊಂದರ ಮೇಲೆ ಕುಸಿದು ಕೂತರು. ಅದು ಕೇಳುವವರ ಹೂಂ ಆಗಿದ್ದರೆ ಹಕ್ಕು ಇನ್ನೂ ಸಾಹೇಬರದೇ, ಒಪ್ಪಿದ ಹೂಂ ಆಗಿದ್ದರೆ ಕನಕವಲ್ಲಿಯಮ್ಮನದು. ಇವರು ಹೇಳಿದ್ದೂ ಗಿರಣಿಯ ಹತ್ತಿರವೇ. ಹಾಗಿದ್ದರೆ ಹೆಗ್ಗಣರಾಯ ಗಿರಣಿಯ ಪಾಲಾದನೋ? ನನಗೆ ತಲೆಬುಡ ತಿಳಿಯಲಿಲ್ಲ. ಮೊಹಿದೀನ್ ಸಾಹೇಬರಿಗೆ ನಮ್ಮ ಮುಖ ನೋಡಿ ಪಾಪ ಅನ್ನಿಸಿರಬೇಕು. "ನನ್ಹತ್ರ ಏನಾದ್ರೂ ಉಳ್ದಿದ್ರೆ ಅದಕ್ಕೆ ನಾನು ಒಪ್ಪಿದೆ. ಸಾಕಾ? ಆದ್ರೆ ಬರೆದವರು ಅವ್ರು. ಅವ್ರನ್ನ ಕೇಳಿ," ಅಂದರು.

ಸೋಮವಾರ ನಾನು ಆಪರೇಷನ್ನಿಗೆ ದೊಡ್ಡ ಆಸ್ಪತ್ರೆಗೆ ಹೊರಡಬೇಕಿತ್ತು. ಅಷ್ಟರೊಳಗೆ ಒಪ್ಪಿಗೆ ಸಿಗದಿದ್ದರೆ ಅಳಿಸುವುದು ಬಿಟ್ಟು ಬೇರೆ ದಾರಿಯಿಲ್ಲ ಎಂದು ಮೇಷ್ಟ್ರು ಹೇಳಿದರು, ಹೇಳುವಾಗ ನನ್ನ ಮುಖ ನೋಡಲಿಲ್ಲ. ಶನಿವಾರ ಬೆಳಿಗ್ಗೆ ರೆಕಾರ್ಡರನ್ನೂ ಪುಸ್ತಕವನ್ನೂ ಸೆರಗಿನಲ್ಲಿ ಸುತ್ತಿಕೊಂಡು ಗಿರಣಿಗೆ ಹೋದೆ. ಸಾಕ್ಷಿಗೆ ಮೇಷ್ಟ್ರೂ ಬಂದರು.

ಚಂದ್ರಮತಿ ತಲೆಗೆ ಬಟ್ಟೆ ಕಟ್ಟಿಕೊಂಡು ಗೋಧಿ ಸುರಿಯುತ್ತಿದ್ದಳು. ಅವಳ ರೆಪ್ಪೆಗಳೂ ಬೆಳ್ಳಗಾಗಿದ್ದವು. ವಿಷಯ ಕೇಳಿ ಕೈ ಒರೆಸಿಕೊಂಡಳು.

"ಅವತ್ತು ಫೋನ್ ತಗೊಂಡಿದ್ದು ಅತ್ತೆನೇ ಮಿಸ್. ಆದ್ರೆ ಏನಂದ್ರೋ ನಂಗೊತ್ತಿಲ್ಲ, ನಾನು ಕೆಳಗಿದ್ದೆ. ಅವ್ರಿಗೆ ಈಗೀಗ ಎಲ್ಲಾ ಮರೆತುಹೋಗತ್ತೆ. ಊಟ ಹಾಕು ಅಂತ ಎರಡು ಸಲ ಕೇಳ್ತಾರೆ, ನಾನೂ ಎರಡು ಸಲ ಬಡಿಸ್ತೀನಿ. ನೀವೇ ಕೇಳಿ ನೋಡಿ."

"ಗಿರಣಿ ನಿಲ್ಸಮ್ಮ," ಅಂದರು ಮೇಷ್ಟ್ರು. "ಇಲ್ದಿದ್ರೆ ಯಾರು ಹೂಂ ಅಂದ್ರು ಅಂತ ಮತ್ತೆ ಗೊಂದಲ."

ಗಿರಣಿ ನಿಂತಿತು. ಸಾಲಿನಲ್ಲಿದ್ದವರು ಗೊಣಗಿದರು, ಗೋಡೆಗೆ ಮುಖ ಮಾಡಿ ಏನೋ ಹೇಳಿಕೊಳ್ಳುತ್ತಿದ್ದ ಒಬ್ಬಾತ ಅರ್ಧಕ್ಕೆ ನಿಂತು ನಮ್ಮನ್ನು ದುರುಗುಟ್ಟಿ ನೋಡಿದ. ನಾವು ಹಿಟ್ಟು ಮೆತ್ತಿದ ಮೆಟ್ಟಿಲು ಹತ್ತಿ ಮೇಲೆ ಹೋದೆವು.

ಕನಕವಲ್ಲಿಯಮ್ಮ ಕಿಟಕಿಯ ಹತ್ತಿರ ಮಂಚದ ಮೇಲೆ ಕೂತಿದ್ದರು. ಬೆಳ್ಳನೆಯ ಕೂದಲು, ಮೂಗಿನಲ್ಲಿ ಸಣ್ಣ ನತ್ತು, ಬಂದವರು ಯಾರೇ ಆಗಲಿ ಬಂದದ್ದು ಖುಷಿ ಎನ್ನುವ ಮುಖ. ನಾನು ಈ ಸಲ ಏನನ್ನೂ ಬಣ್ಣಿಸಲು ಹೋಗಲಿಲ್ಲ. "ಅಮ್ಮ, ನಿಮಗೊಂದು ಕೇಳಿಸ್ತೀನಿ," ಎಂದಷ್ಟೇ ಹೇಳಿ ಬಟನ್ ಒತ್ತಿದೆ.

"ಒಂದೂರಲ್ಲಿ ಒಬ್ಬ ಹೆಗ್ಗಣರಾಯ ಇದ್ದ," ಎಂದಿತು ನನ್ನ ಧ್ವನಿ. ನಿಂತಿತು.

ಹೂಂ ಅನ್ನಲು ಚಂದ್ರಮತಿ ಬಾಯಿ ತೆರೆದಳು, ನಾನು ಕಣ್ಣಲ್ಲೇ ಬೇಡ ಅಂದೆ. ಕನಕವಲ್ಲಿಯಮ್ಮ ಪೆಟ್ಟಿಗೆಯನ್ನು ನೋಡಿದರು, ನನ್ನನ್ನು ನೋಡಿದರು, ಮತ್ತೆ ಪೆಟ್ಟಿಗೆಯನ್ನು ನೋಡಿದರು. ಅವರಿಗೆ ಕೇಳಿಸಲೇ ಇಲ್ಲವೇನೋ ಎಂದು ನಾನು ಬೆವತುಹೋದೆ. ಆಗ ಸಣ್ಣಗೆ, ಮಗುವಿನ ಹಾಗೆ, ಅವರು ಹೂಂ ಅಂದರು.

ಅಲ್ಲಿಂದ ಕಥೆ ನಡೆಯಿತು. ಕಾಗೆಯ ಕೋಟು ಬಂತು, ಆಮೆಯ ಕಂಬಳಿ ಬಂತು, ಅವರು ಹೂಂ ಹೂಂ ಎನ್ನುತ್ತ ಮುಂದೆ ಮುಂದೆ ಸರಿದು ಕೂತರು. ನಡುವೆ ಒಮ್ಮೆ ತಡೆದು, "ಅದ್ಯಾರು ಕೆಮ್ಮಿದ್ದು?" ಎಂದು ಕೇಳಿದರು. "ಚಿಕ್ಕತಾಯಮ್ಮ," ಅಂದೆ. "ಶುಂಠಿ ಕಷಾಯ ಕುಡೀಲಿ," ಎಂದು ಹೇಳಿ ಮತ್ತೆ ಹೂಂ ಅಂದರು. ಮೋಡ ಬಂತು. ಹೆಗ್ಗಣರಾಯ ಅದರ ಸುಕ್ಕುಗಳನ್ನೆಲ್ಲ ತೆಗೆದು ತಗಡಿನ ಡಬ್ಬಿಯಲ್ಲಿ ತುಂಬಿದ. ಡಬ್ಬಿ ಸಾಲದೆ, ಜೋಪಾನ ಮಾಡುವವರನ್ನು ಹುಡುಕಿ ಹಂಚಿದ: ಆನೆಗೊಂದಿಷ್ಟು, ಹಾಗಲಕಾಯಿಗೊಂದಿಷ್ಟು, ಉಳಿದದ್ದೆಲ್ಲ ಊರಿನ ಅಜ್ಜಿಯರಿಗೆ. ಕನಕವಲ್ಲಿಯಮ್ಮನ ಕೈ ತಾನಾಗಿ ಕೆನ್ನೆಗೆ ಹೋಯಿತು. ಬೆರಳಿನಿಂದ ಒಂದೊಂದೇ ಗೆರೆ ಮುಟ್ಟಿ ನೋಡಿಕೊಂಡರು. ಪೆಟ್ಟಿಗೆ ಮಾತು ಮುಗಿಸಿತು.

"ಆಮೇಲೆ?" ಅಂದರು.

"ಅಷ್ಟೇ ಅಮ್ಮ. ಕಥೆ ಮುಗೀತು."

"ಅಯ್ಯೋ, ಮುಗಿದೇ ಹೋಯ್ತಾ? ತುಂಬಾ ಚೆನ್ನಾಗಿದೆ ಕಣಮ್ಮ. ಯಾರು ಬರೆದಿದ್ದು?"

ಮೇಷ್ಟ್ರು ಗೋಡೆಯ ಕಡೆ ತಿರುಗಿದರು. ನಾನು ಪುಸ್ತಕವನ್ನೇ ಅವರ ಕೈಗೆ ಕೊಟ್ಟೆ. ಅವರು ಕಣ್ಣಿನ ಹತ್ತಿರ ಹಿಡಿದು ಓದಿ, ಚಪ್ಪಾಳೆ ತಟ್ಟಿದರು.

"ಚಂದ್ರೀ, ನೋಡೇ ಇಲ್ಲಿ! ನನ್ನ ಹೆಸರಿನೋರೇ!"

"ನೀವೇ ಬರೆದಿದ್ದು ಅತ್ತೆ," ಅಂದಳು ಚಂದ್ರಮತಿ.

"ಹೋಗೇ, ತಮಾಷೆ ಮಾಡ್ಬೇಡ. ನಾನೆಲ್ಲಿ ಬರೀತೀನಿ ಇಷ್ಟು ಚೆನ್ನಾಗಿ?" ಅವರು ನಕ್ಕು, ಥಟ್ಟನೆ ಗಂಭೀರವಾಗಿ ನನ್ನ ಕಡೆ ತಿರುಗಿದರು. "ಅಲ್ಲಮ್ಮ, ಇದನ್ನ ಈ ಮಿಷನ್ನಲ್ಲಿ ತುಂಬ್ಕೊಂಡಿದ್ದೀಯಲ್ಲ, ಬರೆದವರನ್ನ ಕೇಳಿದ್ಯಾ? ಕೇಳ್ದೆ ಹಾಗೆಲ್ಲ ಮಾಡ್ಬಾರ್ದು. 'ನನ್ನ ಕಥೆ ಎಲ್ಲೋಯ್ತು' ಅಂತ ಅವ್ರು ಹುಡುಕಿದ್ರೆ?"

"ಕೇಳಿದೆ ಅಮ್ಮ."

"ಏನಂದ್ರು?"

ಗಿರಣಿ ನಿಂತಿತ್ತು. ಕೋಣೆಯಲ್ಲಿ ಯಾರೂ ಹೂಂ ಅಂದಿರಲಿಲ್ಲ. ನಾನು ಹೇಳುವುದರಲ್ಲಿ ಒಂದೆಳೆ ಕಥೆಯಿದ್ದರೂ ನಾಲಿಗೆ ಅಲ್ಲೇ ಹಿಡಿಯಬೇಕು. ಹೆದರಿಕೊಂಡೇ ಬಾಯಿ ತೆರೆದೆ.

"ಬರೆದವರು ಹೂಂ ಅಂದ್ರು," ಎಂದೆ. ನಾಲಿಗೆ ಎಲ್ಲೂ ತಡೆಯಲಿಲ್ಲ.

ಹಾಗಾದರೆ ಅವತ್ತು ಹೂಂ ಅಂದದ್ದು ಗಿರಣಿಯಲ್ಲ, ಅವರೇ. ಅಷ್ಟು ಖಾತ್ರಿಯಾಯಿತು. ಆದರೆ ಯಾವ ಹೂಂ ಎಂಬುದು ಆಗಲೂ ತಿಳಿಯಲಿಲ್ಲ, ಇವತ್ತಿಗೂ ತಿಳಿದಿಲ್ಲ.

"ಹೂಂ ಅಂದ್ರಾ? ಹಾಗಾದ್ರೆ ಸರಿ. ಒಪ್ಪಿದಾರೆ. ಮಕ್ಕಳಿಗೆ ಹಾಕು," ಅಂದರು ಕನಕವಲ್ಲಿಯಮ್ಮ, ಪುಸ್ತಕವನ್ನು ನನಗೇ ವಾಪಸು ಕೊಡುತ್ತ.

ಮೆಟ್ಟಿಲು ಇಳಿಯುವಾಗ ಮೇಷ್ಟ್ರು ನನ್ನ ಕಿವಿಯ ಹತ್ತಿರ ಬಂದು, "ಒಪ್ಪಿದಾರೆ ಅಂದ್ರು ವಾರಿಜಮ್ಮ. ಒಪ್ಪಿದೆ ಅನ್ಲಿಲ್ಲ," ಅಂದರು. ನನಗೆ ರೇಗಿಹೋಯಿತು. ಇರುವ ಗಂಟಲನ್ನೆಲ್ಲ ಸೇರಿಸಿ, "ಅಳಿಸೋದಾದ್ರೆ ನೀವೇ ಅಳಿಸಿ ಸಾರ್, ತಗೊಳ್ಳಿ!" ಎಂದು ಪೆಟ್ಟಿಗೆಯನ್ನು ಅವರ ಕೈಗೆ ತುರುಕಿದೆ. ಅವರು ಅದನ್ನು ಕೂಸನ್ನು ಹಿಡಿದ ಹಾಗೆ ಎರಡೂ ಕೈಯಲ್ಲಿ ಹಿಡಿದುಕೊಂಡು ಮೆಟ್ಟಿಲ ಮೇಲೇ ನಿಂತುಬಿಟ್ಟರು. ಮೋಡದ ಭಾಗ ಬಂದಾಗ ಅವರೂ ಹೂಂ ಅಂದದ್ದು ನನ್ನ ಕಿವಿಗೆ ಬಿದ್ದಿತ್ತು, ಅದನ್ನು ನಾನು ಆಡಿತೋರಿಸಲಿಲ್ಲ. ಬಹಳ ಹೊತ್ತು ಯೋಚಿಸಿ, "ಶಾಲೇಲಿ ಇರಕೂಡದು ಅಂತ ತಾನೇ ಆದೇಶ?" ಅಂದರು. ಮತ್ತೆ ಮೇಲೆ ಹತ್ತಿ ಹೋಗಿ, ಪೆಟ್ಟಿಗೆಯನ್ನು ಕನಕವಲ್ಲಿಯಮ್ಮನ ಮಂಚದ ಪಕ್ಕ ಇಟ್ಟು ಬಂದರು. ಬರಿಗೈಯಲ್ಲಿ ಇಳಿದು ಬಂದವರ ಪ್ಯಾಂಟಿನ ತುಂಬ ಹಿಟ್ಟು.

ಹೀಗೆ ಆ ರೆಕಾರ್ಡಿಂಗ್ ಈಗ ಶಾಲೆಯಲ್ಲಿ ಇಲ್ಲ. ಗಿರಣಿಯಲ್ಲಿ ಇದೆ. ಶುಕ್ರವಾರ ಬಿಸಿಯೂಟದ ಗೋಧಿಹಿಟ್ಟು ತರುವಾಗ ಚಂದ್ರಮತಿ ಆಟೋದಲ್ಲಿ ಹಿಟ್ಟಿನ ಚೀಲ, ಅತ್ತೆ, ಪೆಟ್ಟಿಗೆ, ಮೂರನ್ನೂ ತಂದು ಇಳಿಸುತ್ತಾಳೆ. ಬರೆದವರೇ ಎದುರಿಗೆ ಕೂತು ಹೂಂಗುಟ್ಟುವಾಗ ಮೇಲಿನವರು ಬಂದರೂ ಏನನ್ನುತ್ತಾರೆ ನೋಡೋಣ, ಎನ್ನುತ್ತಾರೆ ಮೇಷ್ಟ್ರು. ಕನಕವಲ್ಲಿಯಮ್ಮ ಬಾರದ ಶುಕ್ರವಾರ ಬಂದರೆ ಏನು ಮಾಡುವುದು ಎಂದು ನಾನು ಕೇಳಿಲ್ಲ. ಕೇಳಲು ಆಗುವುದೂ ಇಲ್ಲ.

ಆಪರೇಷನ್ ಆಯಿತು. ಧ್ವನಿ ಬರಲಿಲ್ಲ. ಬಾಯಿ ತೆರೆದರೆ ಗಾಳಿ ಹೊರಡುತ್ತದೆ, ಅಷ್ಟೇ. ಜಗಳಕ್ಕೆ, ಚೌಕಾಸಿಗೆ ಕೈಸನ್ನೆ ಸಾಕಾಗುತ್ತದೆ. ಆದರೆ ಒಂದು ಶುಕ್ರವಾರ ಎಲ್ಲರೂ ಊಟಕ್ಕೆ ಹೋಗಿ ಪೆಟ್ಟಿಗೆಯ ಜೊತೆ ನಾನೊಬ್ಬಳೇ ಉಳಿದಾಗ ನನ್ನ ದನಿಯನ್ನು ಒಮ್ಮೆ ಕೇಳೋಣ ಎಂದು ಆಸೆಪಟ್ಟು ಬಟನ್ ಒತ್ತಿದೆ. "ಒಂದೂರಲ್ಲಿ ಒಬ್ಬ ಹೆಗ್ಗಣರಾಯ ಇದ್ದ," ಎಂದು ಹೇಳಿ ಅದು ನಿಂತಿತು. ನನಗೆ ಹೂಂ ಅನ್ನಲೂ ಬರುವುದಿಲ್ಲವಲ್ಲ. ನನ್ನದೇ ಧ್ವನಿ ನನ್ನೆದುರು ಕಾದು ಕೂತಿತ್ತು, ನಾನು ಅದರೆದುರು ಸುಮ್ಮನೆ ಕೂತಿದ್ದೆ. ಅವತ್ತು ಆದಷ್ಟು ಸಂಕಟ ಆಸ್ಪತ್ರೆಯಲ್ಲೂ ಆಗಿರಲಿಲ್ಲ.

ಹೋದ ಶುಕ್ರವಾರ ಮಕ್ಕಳೆಲ್ಲ ಜಮಖಾನದ ಮೇಲೆ ಕೂತಿದ್ದರು. ನಡುವೆ ಕುರ್ಚಿಯಲ್ಲಿ ಕನಕವಲ್ಲಿಯಮ್ಮ, ಬಾಗಿಲಲ್ಲಿ ಚಿಕ್ಕತಾಯಮ್ಮ ಸೌಟು ಹಿಡಿದು ನಿಂತಿದ್ದಳು. ನಾನು ಬಟನ್ ಒತ್ತಿದೆ. "ಒಂದೂರಲ್ಲಿ ಒಬ್ಬ ಹೆಗ್ಗಣರಾಯ ಇದ್ದ." ಪೆಟ್ಟಿಗೆ ನಿಂತಿತು. ಮಕ್ಕಳು ಹೂಂ ಅನ್ನಲು ಬಾಯಿ ತೆರೆಯುವಷ್ಟರಲ್ಲಿ ಕನಕವಲ್ಲಿಯಮ್ಮ ಕೈಯೆತ್ತಿ ತಡೆದರು. ಪ್ರತಿ ಶುಕ್ರವಾರವೂ ತಡೆಯುತ್ತಾರೆ.

"ಇರ್ರಿ, ಇರ್ರಿ. ಬರೆದವರನ್ನ ಕೇಳಿದ್ರಾ?"

ನಾನು ಬಾಯಿ ತೆರೆದೆ. ಗಾಳಿ ಹೊರಟಿತು. ಮಕ್ಕಳು ನನ್ನ ಮುಖ ನೋಡಿದರು, ಆಮೇಲೆ ಎಲ್ಲರೂ ಒಟ್ಟಿಗೆ ಕೂಗಿದರು.

"ಕೇಳಿದೀವಿ ಅಜ್ಜೀ!"

"ಏನಂದ್ರು?"

"ಹೂಂ ಅಂದ್ರು!"

ಅದು ಯಾವ ಹೂಂ ಎಂದು ಪೆಟ್ಟಿಗೆಗಾದರೂ ಹೇಗೆ ತಿಳಿಯಬೇಕು? ಮಕ್ಕಳ ಬಾಯಿಂದ ಆ ಮಾತು ಬಿದ್ದದ್ದೇ ತಡ, ಒಳಗಿನಿಂದ ನನ್ನ ಹಳೆಯ ದನಿ ಬಿರುಕಿಲ್ಲದೆ ಹೊರಟಿತು. "ಅವನ ಹತ್ತಿರ ಕೆಂಡ ತುಂಬಿದ ಒಂದು ಇಸ್ತ್ರಿಪೆಟ್ಟಿಗೆ ಇತ್ತು."

"ಹೂಂ," ಅಂದರು ಕನಕವಲ್ಲಿಯಮ್ಮ.